ಸಹಪಾಠಿಯ ಪಾಲು

ಮೈಸೂರು ಸೀಮೆಯಲ್ಲಿ ಸ್ತ್ರೀಯರ ಸ್ಥಿತಿಗತಿಗಳನ್ನು ಕುರಿತು ಗಂಡಸರು ಚಿಂತಿಸತೊಡಗಿದುದು ನಿನ್ನೆ ಮೊನ್ನೆಯ ಸಂಗತಿಯಲ್ಲ. ರಾಜ್ಯಭಾರವು ಬ್ರಿಟಿಷ್ ಕಮಿಷನರರ ಕೈಯಿಂದ ಒಡೆಯರ ಮನೆತನಕ್ಕೆ ಹಿಂದಿರುಗಿದ 1881ರಲ್ಲಿಯೇ ಅಂಬಿಲ್ ನರಸಿಂಹ ಅಯ್ಯಂಗಾರರು ಮೈಸೂರು ನಗರದಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಪಾಠಶಾಲೆಯನ್ನು ತೆರೆದರು; ಮಹಾರಾಣಿಯವರ ಹೆಸರನ್ನು ಧರಿಸಿ ಮುಂದೆ ಕಾಲೇಜಾಗಿ ಬೆಳೆದ ಆ ಸಂಸ್ಥೆಯ ಮೆಟ್ಟಿಲನ್ನು ಹತ್ತುವ ಹೆಣ್ಣುಮಕ್ಕಳ ಸಾಲು ಇಂದಿಗೂ ಕಡಿದಿಲ್ಲ. 1894ರಲ್ಲಿ ಮೈಸೂರು ಸರ್ಕಾರವು ಶಿಶುವಿವಾಹವನ್ನು ತಡೆಯುವ ನಿಬಂಧನೆಯನ್ನು ಹೊರಡಿಸಿ, 8 ವರ್ಷ ತುಂಬದ ಹೆಣ್ಣುಮಗುವಿನ ವಿವಾಹವನ್ನೂ, 50 ದಾಟಿದ ಗಂಡಸು 14 ತುಂಬದ ಬಾಲೆಯ ಕೈಹಿಡಿಯುವುದನ್ನೂ ಅಪರಾಧವೆಂದು ಸಾರಿತು. ಬ್ರಿಟಿಷ್ ಇಂಡಿಯಾಕ್ಕೆ ಅನ್ವಯವಾದ ಶಾರದಾ ಕಾಯಿದೆ ಹುಟ್ಟಿದುದು ಅದಾದ 35 ವರ್ಷಗಳ ಮೇಲೆ, 1929ರಲ್ಲಿ. ಹಿಂದೂ ಸ್ತ್ರೀಯರಿಗೆ ಆಸ್ತಿಯಲ್ಲಿ ಕೆಲವು ಹಕ್ಕುಗಳನ್ನು ಕೊಟ್ಟ ಮೈಸೂರಿನ ಕಾಯಿದೆ 1933ರದು, ಇಂಡಿಯಾ ಸರ್ಕಾರದ ಕಾಯಿದೆಯಾದರೋ 1937ರದು.

ಈ ಮಹನೀಯರನ್ನು ಕೃತಜ್ಞತೆಯಿಂದ ನೆನೆಯುವುದು ನ್ಯಾಯವೇ ಸರಿ. ಆದರೆ ಕೃತಜ್ಞತೆಯು ವಿಮರ್ಶೆಯ ಕಣ್ಣನ್ನು ಕಟ್ಟಬೇಕಾಗಿಲ್ಲವಷ್ಟೆ. ಪಾಠಶಾಲೆಯ ವೆಚ್ಚವನ್ನು ಬೊಕ್ಕಸವು ಭರಿಸಿತು. ನಿಬಂಧನೆಯ ಬಿಸಿ ತಾಕಿದುದು ಐವತ್ತರ ವರಮಹಾಶಯನಿಗೂ ಎಳೆಯ ಮಗಳನ್ನು ಧಾರೆಯೆರೆಯುವ ತಂದೆಗೂ ಮಾತ್ರ. ಸಭೆಯಲ್ಲಿ ಸ್ತ್ರೀವಿದ್ಯಾಭ್ಯಾಸದ ಪರವಾಗಿ ನಿರರ್ಗಳವಾಗಿ ಭಾಷಣ ಮಾಡಿ ಮನೆಗೆ ಬಂದ ಸುಧಾರಕನ ಎಲೆಗೆ ಬಿಸಿ ಅನ್ನವು ಎಂದಿನಂತೆಯೇ ಬೀಳುತ್ತಿತ್ತು. ಬಡಿಸಿದವಳು ಊಟಮಾಡಿದಳೋ ಇಲ್ಲವೋ ಎಂಬ ಪ್ರಶ್ನೆ ಸಭೆಯ ನಡವಳಿಕೆಯಲ್ಲಿ ದಾಖಲಾಗುವಂಥದಲ್ಲ. ಇನ್ನೂ ಒಂದು ಮಾತು. ಗಂಡಸರು ಕೇಳುವ ಮೊದಲೇ ಹೆಂಗಸರು ಕೇಳಿದ್ದರೆಂಬುದನ್ನು ನಾವು ಮರೆಯಲಾಗದು. ಹದಿನೇಳನೆಯ ಶತಮಾನದ ಕೊನೆಯಲ್ಲಿ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ತಾಂಬೂಲದ ಸಂಚಿಯನ್ನು ಹಿಡಿಯುವ ಊಳಿಗದವಳಾಗಿದ್ದ ಹೊನ್ನಮ್ಮ, ಪತಿವ್ರತೆಯರ ಧರ್ಮವನ್ನು ಬೋಧಿಸಲೆಂದೇ ಬರೆದ ‘ಹದಿಬದೆಯ ಧರ್ಮ’ದಲ್ಲಿ, ಬೋಧನೆಯನ್ನು ನಡುವೆ ನಿಲ್ಲಿಸಿ, ಹೆಣ್ಣುಮಗುವೆಂದು ಹೀನೈಸುವ ತಂದೆತಾಯಿಗಳನ್ನು ನೇರವಾಗಿ ಪ್ರಶ್ನಿಸುತ್ತಾಳೆ. 1887ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ವಿಧವೆಯಾದ ನಂಜನಗೂಡು ತಿರುಮಲಾಂಬ 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ತಾವೇ ಆರಂಭಿಸಿದರು. ಅವರ ತಂದೆಯವರು ಮಗಳ ಓದಿಗೆ ಅಡ್ಡಬರದೆ ಒತ್ತಾಸೆಯಾಗಿ ನಿಂತರು. ಆ ತಂದೆಗೆ ನಾನು ನಿಬಂಧನೆ ಹೊರಡಿಸಿದ ದಿವಾನರಿಗಿಂತ ಒಂದು ತೂಕ ಹೆಚ್ಚಿನ ಮರ್ಯಾದೆಯನ್ನು ಕೊಡುತ್ತೇನೆ. ಬಂಧುಬಳಗದ ನಿಂದೆಗೆ ಗುರಿಯಾಗಬೇಕಾದವನು ಅವನಲ್ಲವೆ?

ಹೆಣ್ಣಿನ ಸಮಾನತೆಗಾಗಿ ಗಂಡಸರನ್ನು ಕೂಡಿಸಿಕೊಳ್ಳಬೇಕೆಂಬ ಮಾತು ಈಗ ವಿದ್ಯಾರ್ಥಿಗಳ ನಡುವೆ ಕೇಳಿಬರುತ್ತಿರುವಾಗ, ಈ ಒಂದು ಒರೆಗಲ್ಲನ್ನು ಕೈಯಲ್ಲಿ ಹಿಡಿದಿರುವುದು ಒಳ್ಳೆಯದೆಂದು ನನ್ನ ಎಣಿಕೆ: ಆತನು ಏನನ್ನು ಹೇಳಿದನು ಎಂಬುದಲ್ಲ, ತನ್ನ ಕೈಯಲ್ಲಿದ್ದುದರಲ್ಲಿ ಏನನ್ನು ಬಿಟ್ಟನು ಎಂಬುದು. ಈ ಒರೆಗಲ್ಲನ್ನು ಬೆಂಗಳೂರಿನ ವಿಚಾರಗೋಷ್ಠಿಗಳಲ್ಲಿ ತಿಕ್ಕಿನೋಡುವುದಕ್ಕಿಂತ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಂತಹ ತಾಲ್ಲೂಕುಗಳಲ್ಲಿ ತಿಕ್ಕಿನೋಡುವುದು ಲೇಸು. ಏತಕ್ಕೆಂದರೆ, ಇಲ್ಲಿ ಬಿಡತಕ್ಕ ವಸ್ತುಗಳು ಕಣ್ಣಿಗೆ ಕಾಣುವಂಥವು: ಎರಡೆಕರೆ ಹೊಲ, ತಂಬಾಕು ಹದಮಾಡುವ ಒಂದು ಬ್ಯಾರನ್ನು, ಬಸ್ಸಿನ ಒಂದು ಸೀಟು, ಸಂಜೆಯ ಒಂದು ಗಂಟೆ.

ಲಕ್ಷ್ಮಣತೀರ್ಥದ ದಡದ ಹುಣಸೂರು, ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸರ ತಾಲ್ಲೂಕು. ಅಲ್ಲಿಯ ಕಲ್ಲಹಳ್ಳಿ ಅವರ ಊರು. 1974ರ ಮಾರ್ಚಿನಿಂದ ಜಾರಿಗೆ ಬಂದ ಅವರ ಭೂಸುಧಾರಣೆಯ ಶಾಸನವು ಗೇಣಿದಾರರ ಪಾಲಿಗೆ ಎಂತಹ ಸಂಜೀವಿನಿಯಾಯಿತೆಂಬುದನ್ನು ಈ ಭಾಗದವರಿಗೆ ಹೇಳಬೇಕಾದುದಿಲ್ಲ. ಏಳನೆಯ ನಮೂನೆಯ ಅರ್ಜಿಯನ್ನು ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಂತ ಗೇಣಿದಾರನು ಜಮೀನಿನ ಒಡೆಯನಾಗಿ ಮನೆಗೆ ಹಿಂದಿರುಗಿದನು. ಆದರೆ ಅದೇ ಜಮೀನಿನಲ್ಲಿ ಪೈರು ನೆಟ್ಟು, ಕಳೆ ಕಿತ್ತು, ಬಣವೆಗೆ ಹೊರೆ ಹೊತ್ತ ಅವನ ಹೆಂಡತಿಯ ಹೆಸರು ಆ ನಮೂನೆಯಲ್ಲಿ ಬಹುಮಟ್ಟಿಗೆ ಎಲ್ಲಿಯೂ ಇರಲಿಲ್ಲ. ಧಣಿಯಿಂದ ರೈತನಿಗೆ ಹೊಲವನ್ನು ದಾಟಿಸಿದ ಆ ಮಹತ್ಕಾರ್ಯ ರೈತನ ಮನೆಯ ಹೊಸಲಿಗೆ ಬಂದು ನಿಂತುಬಿಟ್ಟಿತು. ಅರಸರನ್ನು ಹಳಿಯುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಅವರು ಮುಗಿಸಿದ ಕೆಲಸಕ್ಕೂ ಮಿಕ್ಕುಳಿದ ಕೆಲಸಕ್ಕೂ ಒಂದೇ ತಾಲ್ಲೂಕು ಸಾಕ್ಷಿಯಾಗಿದೆಯೆಂಬುದಷ್ಟೇ ನನ್ನ ಅಭಿಪ್ರಾಯ.

ಆ ಮಿಕ್ಕುಳಿದ ಕೆಲಸವನ್ನು ನೋಡಬೇಕೆನ್ನುವವರು ಆಷಾಢ ಶ್ರಾವಣದ ದಿನಗಳಲ್ಲಿ ಈ ಸೀಮೆಯ ಯಾವುದಾದರೊಂದು ಹಳ್ಳಿಯ ಬ್ಯಾರನ್ನಿನ ಮುಂದೆ ಅರ್ಧ ದಿನ ಕುಳಿತುಕೊಳ್ಳಲಿ. ಕರ್ನಾಟಕದ ವರ್ಜೀನಿಯಾ ತಂಬಾಕು ಪ್ರಧಾನವಾಗಿ ಬೆಳೆಯುವುದು ಈ ತಾಲ್ಲೂಕುಗಳ ಕೆಂಪುನೆಲದಲ್ಲಿ. ಬೆಳಗಿನ ಹೊತ್ತು ಬುಡದ ಎಲೆಗಳನ್ನು ಮುರಿದು ತಂದು ಸೂರಿನ ಕೆಳಗೆ ಸುರಿಯುತ್ತಾರೆ. ಸುತ್ತ ಕುಳಿತ ಹೆಂಗಸರು, ಹುಡುಗಿಯರು ಎರಡೆರಡು ಮೂರುಮೂರು ಎಲೆಗಳನ್ನು ಜೋಡಿಸಿ ಕಡ್ಡಿಯ ಎರಡು ಪಕ್ಕಕ್ಕೂ ದಾರದಿಂದ ಬಿಗಿಯುತ್ತ ಹೋಗುತ್ತಾರೆ. ಕೂಲಿ ಕಡ್ಡಿಯ ಲೆಕ್ಕ, ಆದುದರಿಂದ ಬೆರಳು ನಿಲ್ಲುವಂತಿಲ್ಲ. ಹಸಿ ಎಲೆಯ ಅಂಟು ಅಂಗೈಗೆ ಹತ್ತಿ, ಮಧ್ಯಾಹ್ನದ ಹೊತ್ತಿಗೆ ಕಪ್ಪಗಾಗಿ, ಸೋಪಿಗೂ ಬಗ್ಗದೆ ಉಳಿಯುತ್ತದೆ. ಮಳೆಯಲ್ಲಿ ನೆನೆದ ಎಲೆಯಾದರೆ ಅದರ ನಿಕೊಟಿನ್ ಚರ್ಮದ ಮೂಲಕವೇ ಮೈಗಿಳಿದು ತಲೆಸುತ್ತು, ವಾಕರಿಕೆಗಳನ್ನು ತರುತ್ತದೆ. ‘ಸೊಪ್ಪಿನ ಘಾಟು ಹೊಡದೈತೆ, ಒಸಿ ಮಜ್ಜಿಗೆ ಕುಡಿ’ ಎಂಬುದು ಅದಕ್ಕೆ ಸಿಕ್ಕುವ ವೈದ್ಯ. ಕಡ್ಡಿಗಳನ್ನು ಒಳಗೆ ಏರಿಸುವುದು, ಒಲೆಗೆ ಸೌದೆ ಹಾಕಿ ರಾತ್ರಿಯಿಡೀ ಕಾವು ನೋಡುವುದು ಗಂಡಸರ ಪಾಲಿನ ದುಡಿಮೆ. ಅದೂ ಸಣ್ಣದೇನಲ್ಲ, ನಿದ್ದೆಗೆಟ್ಟ ಕಣ್ಣುಗಳನ್ನು ನೋಡಿದರೆ ತಿಳಿಯುತ್ತದೆ. ಆದರೆ ತಂಬಾಕು ಮಂಡಲಿಯ ಪರವಾನಗಿ ಸಾಮಾನ್ಯವಾಗಿ ಮನೆಯ ಯಜಮಾನನ ಹೆಸರಿನಲ್ಲಿ; ಹರಾಜು ಕಟ್ಟೆಯಲ್ಲಿ ಬೇಲು ಮಾರಿದ ಹಣ ಸೇರುವುದು ಪರವಾನಗಿದಾರನ ಬ್ಯಾಂಕಿನ ಖಾತೆಗೆ. ಕಡ್ಡಿ ಕಟ್ಟಿದ ಮನೆಯ ಮಗಳಿಗೆ ಕೂಲಿಯೂ ಇಲ್ಲ, ಖಾತೆಯೂ ಇಲ್ಲ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಆ ದಿನಗಳಲ್ಲಿ ಅವಳ ಹೆಸರಿನ ಮುಂದೆ ಬೀಳುವ ಗೈರುಹಾಜರಿಯ ಗುರುತೊಂದೇ ಅವಳ ದುಡಿಮೆಯ ಲಿಖಿತ ದಾಖಲೆ.

ಅದೇ ಮನೆಯ ಮಗನೂ ಅದೇ ಕಾಲೇಜಿನಲ್ಲಿ ಓದುತ್ತಿರಬಹುದು. ವಿದ್ಯಾರ್ಥಿಗಳ ಸ್ತ್ರೀವಾದಿ ಚಳವಳಿಯೆಂಬುದು ಈ ಭಾಗದಲ್ಲಿ ಹುಟ್ಟುವುದಾದರೆ, ಅದರ ಮೊದಲ ಪ್ರಶ್ನೆ ಆ ಹುಡುಗನಿಗೆ ಸಲ್ಲಬೇಕು: ಸೊಪ್ಪಿನ ಕಾಲದಲ್ಲಿ ನಿನ್ನ ಹಾಜರಿ ಎಷ್ಟು, ನಿನ್ನ ತಂಗಿಯದೆಷ್ಟು? ಉತ್ತರವನ್ನು ಹುಡುಕಲು ಗ್ರಂಥಾಲಯ ಬೇಡ.

ಬಸ್ಸಿನ ವಿಷಯವೂ ಹಾಗೆಯೇ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿನ ಹಣದ ಚಿಂತೆ ತಪ್ಪಿತು. ಸಾಲಿಗ್ರಾಮದ, ಸರಗೂರಿನ ಹುಡುಗಿ ಮೈಸೂರಿಗೆ ಹೋಗಿ ಓದಿ ಬರುತ್ತೇನೆಂದರೆ ಅಪ್ಪನು ಹೇಳುತ್ತಿದ್ದ ಮೊದಲ ನೆವ ಬಿದ್ದುಹೋಯಿತು. ಎರಡನೆಯ ನೆವವಾದ ಹೊತ್ತು ಇನ್ನೂ ಬಲವಾಗಿಯೇ ನಿಂತಿದೆ. ಸಂಜೆ ಹುಣಸೂರಿನ ಬಸ್ ನಿಲ್ದಾಣದಲ್ಲಿ ಹಳ್ಳಿಯ ಕಡೆಯ ಬಸ್ಸಿಗೆ ಕಾಯುವ ಹುಡುಗಿಯರು ಗುಂಪುಗುಂಪಾಗಿ ಕಂಬಕ್ಕೊರಗಿ ನಿಂತಿರುತ್ತಾರೆ. ಹುಡುಗರು ಬೇಕರಿಯ ಮುಂದೆ, ಬೈಕಿನ ಮೇಲೆ, ನಿಲ್ದಾಣದ ತುಂಬ ಹರಡಿಕೊಂಡಿರುತ್ತಾರೆ. ‘ಫ್ರೀ ಬಸ್ಸಾದ್ಮೇಲೆ ನಮ್ಗೆ ಸೀಟೇ ಸಿಕ್ಕಲ್ಲ ಕಣ್ಲಾ’ ಎಂಬ ಮಾತು ಆ ಬೈಕುಗಳ ಸುತ್ತ ಸುಳಿದಾಡುತ್ತದೆ. ಈ ಅಸಮಾಧಾನವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಜಾಣತನವಲ್ಲ. ಆ ಹುಡುಗನಿಗೂ ಕೈಯಲ್ಲಿ ಕೆಲಸವಿಲ್ಲ, ಮಳೆ ಹೋದರೆ ಬೆಳೆಯಿಲ್ಲ, ‘ಜಮೀನು ಮಾಡೋನಿಗೆ ಹೆಣ್ಣು ಕೊಡಲ್ಲ’ ಎಂಬ ಊರಿನ ಮಾತು ಬೇರೆ. ತನಗೆ ಸಿಕ್ಕದಿದ್ದುದಕ್ಕೆಲ್ಲ ಎದುರಿನ ಸೀಟಿನಲ್ಲಿ ಕುಳಿತವಳೇ ಕಾರಣಳೆಂದು ಅವನಿಗೆ ತಿಳಿಯಹೇಳುವವರು ಮೊಬೈಲಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವನೊಡನೆ ಮಾತನಾಡಲು ಯಾರೂ ಹೋಗದಿದ್ದರೆ ಅವರೇ ಹೋಗುತ್ತಾರೆ, ಹೋಗಿಯೂ ಇದ್ದಾರೆ.

ಹೊತ್ತಿನ ಪ್ರಶ್ನೆಯ ಇನ್ನೊಂದು ಮುಖವು ನಮಗೆ ಕಂಡುದು 2021ರ ಆಗಸ್ಟಿನಲ್ಲಿ. ಚಾಮುಂಡಿಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದು ನಾಡೆಲ್ಲ ತಲ್ಲಣಿಸಿದ ಆ ದಿನಗಳಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಒಂದು ಸುತ್ತೋಲೆಯನ್ನು ಹೊರಡಿಸಿ, ಸಂಜೆ 6.30ರ ಮೇಲೆ ವಿದ್ಯಾರ್ಥಿನಿಯರು ತನ್ನ ಆವರಣವಾದ ಮಾನಸಗಂಗೋತ್ರಿಯಲ್ಲಿ ಒಂಟಿಯಾಗಿ ಓಡಾಡಕೂಡದೆಂದು ವಿಧಿಸಿತು. ಸುತ್ತೋಲೆಯ ಉದ್ದೇಶ ರಕ್ಷಣೆಯೇ ಆಗಿದ್ದೀತು. ಆದರೆ ಅಪರಾಧವನ್ನು ಮಾಡುವವರು ಗಂಡಸರು; ಅವರಿಗೆ ಕತ್ತಲಾದ ಮೇಲೆ ಹೊರಗೆ ಬರಬೇಡಿರೆಂದು ಹೇಳುವ ಸುತ್ತೋಲೆಯನ್ನು ಬರೆಯಬೇಕೆಂಬುದು ಯಾವ ಗುಮಾಸ್ತನ ಲೇಖನಿಗೂ ಹೊಳೆಯಲಿಲ್ಲ. ಟೀಕೆಗಳ ಸುರಿಮಳೆಯಾಯಿತು, ವಿದ್ಯಾರ್ಥಿಗಳು ಪ್ರತಿಭಟಿಸಿದರು, ಸುತ್ತೋಲೆ ಹಿಂದಕ್ಕೆ ಹೋಯಿತು. ರಾಮೇಶ್ವರಿ ವರ್ಮರಂಥವರು ದಶಕಗಳ ಹಿಂದೆ ಕಟ್ಟಿದ ಸಮತಾ ವೇದಿಕೆಯೆಂಬ ಮಹಿಳಾ ಸಂಘಟನೆಯ ಕಾಲದಿಂದಲೂ ಮೈಸೂರು ನಗರದಲ್ಲಿ ಇಂತಹ ಮಾತನ್ನು ಎತ್ತಿ ಆಡಬಲ್ಲ ಒಂದು ಕೊರಳಿದೆ. ತಾಲ್ಲೂಕಿನ ಕಾಲೇಜಿನಲ್ಲಾದರೆ ಸುತ್ತೋಲೆಯೇ ಬೇಕಾಗುವುದಿಲ್ಲ. ಕತ್ತಲಾಗುವ ಮೊದಲೇ ಬಸ್ಸು ಹತ್ತಿಸುವ ಅಲಿಖಿತ ಶಾಸನವನ್ನು ಯಾರು ಹಿಂದಕ್ಕೆ ತೆಗೆಸಬೇಕು?

ರಕ್ಷಕನಾಗಿ ನಿಲ್ಲುವುದರಲ್ಲಿ ಗಂಡಸಿಗೆ ಒಂದು ಸುಖವಿದೆ; ಕಳೆದುಕೊಳ್ಳುವುದೇನೂ ಇಲ್ಲ, ಮೀಸೆಗೆ ಹೊಳಪು ಬೇರೆ ಬರುತ್ತದೆ. ಅಕ್ಕತಂಗಿಯರ ಮಾನವನ್ನು ಕಾಯುತ್ತೇನೆಂದು ಹೊರಡುವವನು ಆ ಮಾನದ ಒಡೆಯನು ತಾನೆಂದು ಮೊದಲೇ ತೀರ್ಮಾನಿಸಿಕೊಂಡಿರುತ್ತಾನೆ. ಆ ತೀರ್ಮಾನದ ಕಟ್ಟಕಡೆಯ ಪರಿಣಾಮ ಎಂತಹುದೆಂಬುದನ್ನು ಪಿರಿಯಾಪಟ್ಟಣ ತಾಲ್ಲೂಕು 2022ರ ಜೂನಿನಲ್ಲಿ ಕಂಡಿತು: ಪರಜಾತಿಯ ಹುಡುಗನನ್ನು ಪ್ರೀತಿಸಿದ ಕಾರಣಕ್ಕಾಗಿ ಪದವಿಪೂರ್ವ ತರಗತಿಯ ಬಾಲೆಯೊಬ್ಬಳು ಹೆತ್ತ ತಂದೆಯ ಕೈಯಿಂದಲೇ ಹತಳಾದಳು. ಹೆಣ್ಣಿನ ಮೇಲಣ ಹಿಡಿತವೂ ಜಾತಿಯ ಕಟ್ಟೂ ಎರಡು ಬೇರೆ ಬೇರೆ ಗಂಟುಗಳಲ್ಲ, ಒಂದೇ ಹಗ್ಗದವು. ಜಾತಿಯ ಮಾತನ್ನು ಬದಿಗಿರಿಸಿ ಬರಿಯ ಸ್ತ್ರೀಪುರುಷ ಸಮಾನತೆಯನ್ನು ಬೋಧಿಸಲು ಹೊರಡುವ ಕಾರ್ಯಾಗಾರಗಳು ಈ ತಾಲ್ಲೂಕುಗಳಲ್ಲಿ ಮಧ್ಯಾಹ್ನದ ಊಟದೊಂದಿಗೆ ಮುಗಿದುಹೋಗುವುದು ಇದಕ್ಕಾಗಿಯೇ.

ಗಂಡಸರು ಬೇರೆ ಬಗೆಯಾಗಿಯೂ ನಿಲ್ಲಬಲ್ಲರೆಂಬುದಕ್ಕೆ ನಿದರ್ಶನಗಳಿಲ್ಲದೆ ಇಲ್ಲ. ಪೊಲೀಸು ಠಾಣೆಯಲ್ಲಿ ಅತ್ಯಾಚಾರಕ್ಕೊಳಗಾದ ಮಥುರಾ ಎಂಬ ಆದಿವಾಸಿ ಹುಡುಗಿಯ ಮೊಕದ್ದಮೆಯಲ್ಲಿ ಆರೋಪಿಗಳನ್ನು ಬಿಟ್ಟುಬಿಟ್ಟ ಸರ್ವೋಚ್ಚ ನ್ಯಾಯಾಲಯಕ್ಕೆ 1979ರಲ್ಲಿ ನಾಲ್ವರು ನ್ಯಾಯಶಾಸ್ತ್ರದ ಅಧ್ಯಾಪಕರು ಬಹಿರಂಗ ಪತ್ರವನ್ನು ಬರೆದರು: ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ಉಪೇಂದ್ರ ಬಕ್ಷಿ, ರಘುನಾಥ ಕೇಳ್ಕರ್. ಇಬ್ಬರು ಹೆಂಗಸರು, ಇಬ್ಬರು ಗಂಡಸರು. ನ್ಯಾಯಾಲಯದ ಅವಕೃಪೆಗೆ ಪಾತ್ರರಾಗುವ ಸಂಭವ ನಾಲ್ವರಿಗೂ ಸಮನಾಗಿದ್ದಿತು. ಆ ಪತ್ರವೂ ಮರುವರ್ಷದ ಮಾರ್ಚ್ 8ರಂದು ಊರೂರುಗಳಲ್ಲಿ ಬೀದಿಗಿಳಿದ ಹೆಂಗಸರೂ ಸೇರಿ 1983ರಲ್ಲಿ ಕಾನೂನನ್ನು ತಿದ್ದಿಸಿದರು. ಹೆಂಡತಿಯನ್ನು ಹೊಡೆಯುವುದನ್ನು ವಿರೋಧಿಸುವ ಗಂಡಸರು ಬೇಕಾಗಿದ್ದಾರೆಂದು 1991ರಲ್ಲಿ ಮುಂಬಯಿಯ ಪತ್ರಕರ್ತರೊಬ್ಬರು ವೃತ್ತಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗ ಇನ್ನೂರಕ್ಕೂ ಮಿಕ್ಕ ಮಂದಿ ಬರೆದರಂತೆ. ಅವರಲ್ಲಿ ಕೆಲವರಿಂದ 1993ರಲ್ಲಿ ‘ಮಾವಾ’ ಎಂಬ ಗಂಡಸರ ಸಂಘಟನೆ ಹುಟ್ಟಿ, ಇಂದಿಗೂ ಕಾಲೇಜು ಹುಡುಗರ ನಡುವೆ ದುಡಿಯುತ್ತಿದೆ. ಕೆನಡಾದ ಮಾಂಟ್ರಿಯಲ್ಲಿನಲ್ಲಿ 1989ರಲ್ಲಿ ಒಬ್ಬ ಬಂದೂಕುಧಾರಿ ಇಂಜಿನಿಯರಿಂಗ್ ಕಾಲೇಜಿಗೆ ನುಗ್ಗಿ ಹೆಂಗಸರನ್ನೇ ಆಯ್ದು ಕೊಂದ ಮೇಲೆ, ಆ ದೇಶದ ಗಂಡಸರು ಹೆಂಗಸರ ಮೇಲಣ ಹಿಂಸೆಯ ವಿರುದ್ಧ ಬಿಳಿಯ ಪಟ್ಟಿಯ ಆಂದೋಲನವನ್ನು ಹೂಡಿದರು.

ಅಷ್ಟು ದೂರವೇಕೆ? ಮೈಸೂರಿನಲ್ಲಿಯೇ ಕುವೆಂಪು ಇದ್ದರು. ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದಾಗ ಪರಿಚಿತರಾದ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿ, ರಾಜೇಶ್ವರಿಯವರ ವಿವಾಹವನ್ನು 1966ರಲ್ಲಿ ಅವರು ಮಂತ್ರಮಾಂಗಲ್ಯದ ರೀತಿಯಲ್ಲಿ ನೆರವೇರಿಸಿದರು. ಪುರೋಹಿತನಿಲ್ಲ, ಮುಹೂರ್ತದ ಗೊಡವೆಯಿಲ್ಲ, ವರದಕ್ಷಿಣೆಯ ಮಾತೇ ಇಲ್ಲ, ವಧೂವರರು ತಿಳಿಯುವ ನುಡಿಯಲ್ಲಿ ಓದಿಕೊಳ್ಳುವ ಪ್ರತಿಜ್ಞೆಯೊಂದೇ ವಿಧಿ. ಮುಂದೆ ರೈತಸಂಘದ ಕಾರ್ಯಕರ್ತರು ಇದನ್ನು ಹಳ್ಳಿಗಳಿಗೂ ಒಯ್ದರು. ಇಲ್ಲಿ ಬಿಟ್ಟವರು ಯಾರು ಎಂದು ಕೇಳಿದರೆ, ಗಂಡಿನ ಕಡೆಯವರು. ಕೈಗೆ ಬರುತ್ತಿದ್ದ ಹಣ, ಬೀಗರ ಮುಂದಿನ ಗತ್ತು, ಎದುರುಗೊಳ್ಳುವಿಕೆಯ ವೈಭವ ಇವೆಲ್ಲವನ್ನೂ ವರನ ತಂದೆಯೇ ಬಿಡಬೇಕಾಯಿತು. ಸಹಪಾಠಿಯನ್ನು ಮೆಚ್ಚಿ ಮದುವೆಯಾಗುವ ಹುಡುಗರು ಇಂದು ಬೇಕಾದಷ್ಟಿದ್ದಾರೆ. ಮೆಚ್ಚಿ ಮದುವೆಯಾದ ಮೇಲೆ ಕಾರನ್ನೂ ಕೇಳುವವರು ಅವರಲ್ಲಿ ಕಡಮೆಯೇನಿಲ್ಲ.

ಹಾಗಾದರೆ ಚಳವಳಿಯನ್ನು ಕಟ್ಟುವ ಬಗೆ ಹೇಗೆ? ಕಾಲೇಜುಗಳಲ್ಲಿ ಮಾರ್ಚ್ 8 ಬಂದರೆ ರಂಗೋಲಿಯ ಸ್ಪರ್ಧೆಯೂ ಅಡುಗೆಯ ಸ್ಪರ್ಧೆಯೂ ನಡೆದು, ಗುಲಾಬಿ ಬಣ್ಣದ ಫಲಕವನ್ನು ಹಿಡಿದ ಹುಡುಗರ ಒಂದು ಭಾವಚಿತ್ರ ತೆಗೆಯಲ್ಪಟ್ಟು, ಸಮಾನತೆಯು ಮುಂದಿನ ವರ್ಷಕ್ಕೆ ಮುಂದೂಡಲ್ಪಡುತ್ತದೆ. ಇದು ಚಳವಳಿಯಲ್ಲ. ಚಳವಳಿಗೆ ಚರ್ಚಿಸುವ ಜಾಗ ಬೇಕು, ಪ್ರತಿನಿಧಿಗಳು ಬೇಕು, ಬೇಡಿಕೆ ಬೇಕು. ಕರ್ನಾಟಕದ ಕಾಲೇಜುಗಳಲ್ಲಿ 1980ರ ದಶಕದ ಕೊನೆಯಿಂದ ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತುಹೋಗಿರುವುದರಿಂದ, ಎರಡು ತಲೆಮಾರಿನ ವಿದ್ಯಾರ್ಥಿಗಳು ತಮ್ಮ ಪರವಾಗಿ ಮಾತನಾಡುವವರನ್ನು ಆರಿಸುವ ಅಭ್ಯಾಸವನ್ನೇ ಕಳೆದುಕೊಂಡಿದ್ದಾರೆ. ಆದರೆ ಒಂದು ಕಿಂಡಿ ತೆರೆದಿದೆ. ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸಲು ಪ್ರತಿ ಕಾಲೇಜಿನಲ್ಲೂ ಇರತಕ್ಕ ಆಂತರಿಕ ಸಮಿತಿಯ ಬಗೆಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಮಾಡಿರುವ 2015ರ ನಿಬಂಧನೆಗಳು, ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಿನಲ್ಲಿ ವಿದ್ಯಾರ್ಥಿ ಸದಸ್ಯರೂ ಕೂಡತಕ್ಕದ್ದೆಂದೂ, ಅವರು ಪಾರದರ್ಶಕವಾದ ಪ್ರಜಾಸತ್ತಾತ್ಮಕ ರೀತಿಯಿಂದ ಚುನಾಯಿತರಾಗತಕ್ಕದ್ದೆಂದೂ ವಿಧಿಸಿವೆ. ಹಲವು ಕಡೆ ಈ ಸಮಿತಿಯು ಸೂಚನಾಫಲಕದ ಗಾಜಿನೊಳಗೆ ಹಳದಿಗಟ್ಟಿದ ಒಂದು ಹಾಳೆಯಾಗಿ ಮಾತ್ರ ಬದುಕಿದೆ. ಅದನ್ನು ಗಾಜಿನಿಂದ ಹೊರಗೆ ತೆಗೆಸುವುದು, ಚುನಾವಣೆಯನ್ನು ಕೇಳುವುದು, ಅಭ್ಯರ್ಥಿಗಳನ್ನು ತರಗತಿಯ ಮುಂದೆ ನಿಲ್ಲಿಸಿ ಪ್ರಶ್ನಿಸುವುದು: ಇಷ್ಟು ನಡೆದರೆ ಒಂದು ವರ್ಷದ ಕೆಲಸಕ್ಕೆ ಸಾಕು.

ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರ ಇನ್ನೊಂದು ಅವಕಾಶ. ಗಾಂಧೀಜಿಯ ಶತಮಾನೋತ್ಸವದ ವರ್ಷವಾದ 1969ರಲ್ಲಿ ಆರಂಭವಾದ ಈ ಯೋಜನೆಯ ಶಿಬಿರಗಳಲ್ಲಿ ಚರಂಡಿಯನ್ನು ಹುಡುಗರೂ ಹುಡುಗಿಯರೂ ಕೂಡಿಯೇ ಶುಚಿಮಾಡುತ್ತಾರೆ. ಅಡುಗೆಯ ಸರದಿಯನ್ನೂ ಕೂಡಿ ಹಂಚಿಕೊಂಡರೆ ತಪ್ಪೇನು? ಮುದ್ದೆ ಕಟ್ಟಲು ಬಾರದ ಹುಡುಗನು ಐವತ್ತು ಮಂದಿಗೆ ಮುದ್ದೆ ಕಟ್ಟಿ, ಗಂಟಾಯಿತೆಂದು ಗೆಳೆಯರಿಂದ ಬೈಸಿಕೊಂಡು, ಮರುದಿನ ಮತ್ತೆ ಕೋಲು ಹಿಡಿದುದಾದರೆ, ಸಮಾನತೆಯನ್ನು ಕುರಿತ ಮೂರು ಉಪನ್ಯಾಸಗಳಿಗೆ ಅದು ಸಮ.

ಗಂಡಸರನ್ನು ಒಳಗೆ ಬಿಟ್ಟುಕೊಳ್ಳುವುದರಲ್ಲಿ ಅಪಾಯವಿದೆಯೆಂದು ಹಲವರು ಅನುಭವಿ ಸ್ತ್ರೀವಾದಿಗಳು ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಸಭೆಯಲ್ಲಿ ಹತ್ತು ಮಂದಿ ಹುಡುಗಿಯರಿದ್ದು ಇಬ್ಬರು ಹುಡುಗರಿದ್ದರೂ ಧ್ವನಿವರ್ಧಕವು ಸುತ್ತಿ ಬಂದು ಆ ಇಬ್ಬರ ಕೈಯನ್ನೇ ಸೇರುತ್ತದೆ. ಒಂದು ದಿನ ಪಾತ್ರೆ ತೊಳೆದ ಹುಡುಗನಿಗೆ ಸಿಕ್ಕುವ ಹೊಗಳಿಕೆ, ಹುಟ್ಟಿದಂದಿನಿಂದ ತೊಳೆದವಳಿಗೆ ಸಿಕ್ಕುವುದಿಲ್ಲ. ಹೆಂಗಸರ ಸಂಘಟನೆಗಳಿಗೆ ಬರಬೇಕಾದ ಅಲ್ಪಸ್ವಲ್ಪ ಹಣವೂ ಗಂಡಸರ ಮನಃಪರಿವರ್ತನೆಯ ಕಾರ್ಯಕ್ರಮಗಳಿಗೆ ಹರಿದುಹೋಗುವುದುಂಟು. ಆದುದರಿಂದ ಕ್ರಮವು ಹೀಗಿರಬೇಕೆಂದು ತೋರುತ್ತದೆ: ಮೊದಲು ಹುಡುಗಿಯರು ತಮ್ಮಲ್ಲಿಯೇ ಕೂಡಿ ಮಾತನಾಡಲಿ, ಬೇಡಿಕೆಯನ್ನು ಅವರೇ ಬರೆಯಲಿ. ಹುಡುಗರು ಮಾಡಬೇಕಾದ ಕೆಲಸ ಹುಡುಗಿಯರ ಸಭೆಯಲ್ಲಿಲ್ಲ. ತಮ್ಮ ಹಾಸ್ಟೆಲಿನ ಕೋಣೆಯಲ್ಲಿ, ಕಬಡ್ಡಿಯ ಮೈದಾನದಲ್ಲಿ, ವಾಟ್ಸಾಪಿನ ಗುಂಪಿನಲ್ಲಿದೆ. ಸಹಪಾಠಿಯೊಬ್ಬಳ ಚಿತ್ರವನ್ನು ಗುಂಪಿಗೆ ಹಾಕಿ ಯಾವನೋ ಹೊಲಸು ಮಾತಾಡಿದಾಗ, ‘ತೆಗೀಲಾ ಅದನ್ನ’ ಎಂದು ಎಲ್ಲರಿಗಿಂತ ಮೊದಲು ಬರೆಯುವವನಿಗೆ ಎಷ್ಟು ಧೈರ್ಯ ಬೇಕೆಂಬುದನ್ನು ಆ ವಯಸ್ಸಿನಲ್ಲಿ ಹುಡುಗನಾಗಿದ್ದ ಯಾರನ್ನಾದರೂ ಕೇಳಿರಿ. ಧ್ವನಿವರ್ಧಕದ ಮುಂದೆ ನಿಲ್ಲಲು ಅದರ ಹತ್ತರಲ್ಲೊಂದು ಪಾಲು ಸಾಕು.

ಹೆಗ್ಗಡದೇವನಕೋಟೆಯ ಮಾತನ್ನು ಪ್ರತ್ಯೇಕವಾಗಿ ಆಡಬೇಕು. ಕಬಿನಿಯ ಅಣೆಕಟ್ಟು, ನಾಗರಹೊಳೆಯ ರಾಷ್ಟ್ರೀಯ ಉದ್ಯಾನ ಇವೆರಡರ ನಡುವೆ ಸಿಕ್ಕಿ ಕಾಡಿನಿಂದ ಹೊರಬಿದ್ದ ಜೇನುಕುರುಬರ, ಕಾಡುಕುರುಬರ ಹಾಡಿಗಳು ಅಲ್ಲಿವೆ. ಹಾಡಿಗೆ ಸಮಾನತೆಯನ್ನು ಕಲಿಸಲು ಹೋಗುವ ಪಟ್ಟಣದ ವಿದ್ಯಾರ್ಥಿಗಳು ಮೊದಲು ತಾವೇ ಸ್ವಲ್ಪ ಕಲಿಯುವುದು ವಿಹಿತ. ಜೇನುಕುರುಬರ ಸಂಪ್ರದಾಯದಲ್ಲಿ ವರದಕ್ಷಿಣೆಯಿಲ್ಲ, ಗಂಡಿನವರೇ ಹೆಣ್ಣಿಗೆ ತೆರ ಕೊಡುವ ಪದ್ಧತಿ. ಪರಸ್ಪರ ಮೆಚ್ಚಿದ ಗಂಡುಹೆಣ್ಣುಗಳು ಕಾಡಿಗೆ ಓಡಿಹೋಗಿ ಬಂದರೆ ಹಿರಿಯರು ಅದನ್ನೇ ಮದುವೆಯೆಂದು ಒಪ್ಪುತ್ತಾರೆ. ವಿಧವೆಯ ಮರುವಿವಾಹಕ್ಕೆ ಅಡ್ಡಿಯಿಲ್ಲ. ಮೇಲುಜಾತಿಯ ಸುಧಾರಕರು ನೂರು ವರ್ಷ ಹೆಣಗಿ ಶಾಸನವಾಗಿ ಪಡೆದುದು ಅಲ್ಲಿ ರೂಢಿಯಾಗಿಯೇ ಇತ್ತು. ಹಾಗೆಂದು ಹಾಡಿಯನ್ನು ಸ್ವರ್ಗವೆಂದು ಬಣ್ಣಿಸುವುದೂ ಸಲ್ಲದು. ಎಳೆಯ ವಯಸ್ಸಿನ ಬಸಿರು, ಹೆಂಡದ ಹಾವಳಿ, ಆಶ್ರಮ ಶಾಲೆಯನ್ನು ನಡುವೆ ಬಿಡುವ ಹುಡುಗಿಯರು, ಇವು ಅಲ್ಲಿಯ ನಿಜವಾದ ದುಃಖಗಳು. ಆ ಹುಡುಗಿ ಕಾಲೇಜಿನವರೆಗೆ ಬಂದಳಾದರೆ, ಚಳವಳಿಯ ಮೊದಲ ಸಾಲಿನಲ್ಲಿ ಅವಳಿಗೆ ಸ್ಥಳವಿರಬೇಕು. ಮೆರವಣಿಗೆಯ ಮುಂದೆ ಕುಣಿಯುವುದಕ್ಕಾಗಿ ಮಾತ್ರ ಅವಳನ್ನು ಕರೆಯುವ ಚಾಳಿ ಈಗಲಾದರೂ ನಿಲ್ಲಲಿ. ಪಿರಿಯಾಪಟ್ಟಣದ ಬೈಲಕುಪ್ಪೆಯ ಟಿಬೆಟನ್ನರನ್ನೂ ಇಲ್ಲಿ ನೆನೆಯಬಹುದು. ಅವರ ಬೌದ್ಧ ಸಂಪ್ರದಾಯದಲ್ಲಿ ಶತಮಾನಗಳಿಂದ ಭಿಕ್ಷುಗಳಿಗೆ ಮೀಸಲಾಗಿದ್ದ ಗೆಶೆ ಪದವಿಗೆ ಸಮನಾದ ‘ಗೆಶೆಮಾ’ ಪದವಿಯನ್ನು 2016ರಲ್ಲಿ ನಮ್ಮ ರಾಜ್ಯದ ಮುಂಡಗೋಡಿನಲ್ಲಿಯೇ 20 ಮಂದಿ ಭಿಕ್ಷುಣಿಯರು ಪಡೆದರು. ಬಿಟ್ಟುಕೊಟ್ಟವರು ಅಲ್ಲಿಯೂ ಗಂಡಸರು. ಬಹಳ ತಡವಾಗಿ ಕೊಟ್ಟರೆಂಬ ಆಕ್ಷೇಪಣೆ ಇದ್ದೇ ಇದೆ.

ಗಂಡಸರು ಕುರ್ಚಿ ಬಿಟ್ಟುಕೊಡಬೇಕಾಗಿ ಬಂದ ಪಂಚಾಯತಿಗಳ ಕಥೆ ಗೊತ್ತಿರುವುದೇ. ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರ ಕಾಲದ 1983ರ ಶಾಸನದಿಂದ ಹೆಂಗಸರಿಗೆ ಕಾಲುಭಾಗ ಸ್ಥಾನಗಳು ದೊರೆತವು. 2010ರಲ್ಲಿ ಅದು ಅರ್ಧವಾಯಿತು. ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಕಡತ ನೋಡುವ ಗಂಡನು ಈಗ ಹಲವೆಡೆ ಹಿಂದಿನ ಬೆಂಚಿಗೆ ಸರಿದಿದ್ದಾನೆ, ಕೆಲವೆಡೆ ಸರಿದಿಲ್ಲ.

ಕಡೆಗೆ ಉಳಿಯುವುದು ಹೊಲ. ಕರ್ನಾಟಕವು ಹಿಂದೂ ಉತ್ತರಾಧಿಕಾರದ ಶಾಸನಕ್ಕೆ ಮಾಡಿದ ತಿದ್ದುಪಡಿಯಿಂದ 1994ರ ಜುಲೈ 30ರಿಂದಲೇ ಮಗಳಿಗೆ ಪಿತ್ರಾರ್ಜಿತದಲ್ಲಿ ಮಗನಂತೆಯೇ ಹಕ್ಕು ಬಂದಿತು, ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರತುಪಡಿಸಿ. 2005ರಲ್ಲಿ ಕೇಂದ್ರದ ಕಾಯಿದೆ ಆ ಭೇದವನ್ನೂ ತೊಡೆಯಿತು. 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು, ಹಕ್ಕು ಹುಟ್ಟಿನಿಂದಲೇ ಬರುವುದೆಂದೂ ತಂದೆಯು 2005ರಲ್ಲಿ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದೂ ಸ್ಪಷ್ಟಪಡಿಸಿತು. ಕಾಗದದ ಮೇಲೆ ಇನ್ನು ಹೇಳಬೇಕಾದುದೇನೂ ಉಳಿದಿಲ್ಲ. ಆದರೆ ತಾಲ್ಲೂಕು ಕೇಂದ್ರದ ನೋಂದಣಿ ಕಚೇರಿಯ ಜಗಲಿಯಲ್ಲಿ ಒಂದು ಮುಂಜಾನೆ ನಿಂತು ನೋಡಿದವರಿಗೆ ಕಾಣುವ ದೃಶ್ಯ ಬೇರೆ. ಅಣ್ಣನು ಬಾಡಿಗೆಯ ಕಾರು ಮಾಡಿ ತಂಗಿಯನ್ನು ಗಂಡನ ಮನೆಯಿಂದ ಕರೆತಂದಿರುತ್ತಾನೆ. ಹೋಟೆಲಿನಲ್ಲಿ ಮಸಾಲೆದೋಸೆ ಕೊಡಿಸಿರುತ್ತಾನೆ. ಚೀಲದಲ್ಲಿ ಒಂದು ಹೊಸ ಸೀರೆ, ಎಲೆಯಡಿಕೆ, ಅರಿಸಿನ ಕುಂಕುಮ. ಪತ್ರಬರಹಗಾರನು ಹಕ್ಕು ಬಿಡುಗಡೆಯ ಪತ್ರವನ್ನು ಮೊದಲೇ ಸಿದ್ಧಪಡಿಸಿರುತ್ತಾನೆ. ‘ನಿಂಗೆ ತವರು ಬೇಕೋ ಬ್ಯಾಡ್ವೋ ಹೇಳವ್ವ’ ಎಂಬ ಮಾತು ಯಾರ ಬಾಯಿಂದಲೋ ಬರುತ್ತದೆ. ಅಣ್ಣನ ಬಾಯಿಂದಲೇ ಬರಬೇಕೆಂದಿಲ್ಲ, ತಾಯಿಯೇ ಆಡಿಬಿಡಬಹುದು. ತಂಗಿ ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತುತ್ತಾಳೆ, ಕ್ಯಾಮರಾದ ಕಡೆ ನೋಡುತ್ತಾಳೆ, ಸಹಿ ಹಾಕುತ್ತಾಳೆ. ಪಹಣಿಯಲ್ಲಿ ಮುಂದಿನ ತಿಂಗಳು ಅಣ್ಣನ ಹೆಸರು ಒಂದೇ ಇರುತ್ತದೆ.

ಆ ತಂಗಿ ಬಿ.ಎ. ಓದಿರುತ್ತಾಳೆ. ಅಣ್ಣನೂ ಓದಿರುತ್ತಾನೆ, ಅದೇ ಕಾಲೇಜಿನಲ್ಲಿ. ಕಾನೂನನ್ನು ಬರೆದವರೂ ತಿದ್ದಿದವರೂ ವ್ಯಾಖ್ಯಾನಿಸಿದವರೂ ತಮ್ಮ ಕೆಲಸವನ್ನು ಮುಗಿಸಿರುವಾಗ ಈ ಸಹಿಯೊಂದನ್ನು ತಪ್ಪಿಸಬಲ್ಲವನು ಲೋಕದಲ್ಲಿ ಅಣ್ಣನೊಬ್ಬನೇ. ತಂಗಿಯೇ ಸಹಿ ನಿರಾಕರಿಸಬಹುದು, ನಿಜ. ಆದರೆ ಅವಳು ತೆರಬೇಕಾದ ಬೆಲೆ ತವರು. ಅಣ್ಣನು ತೆರಬೇಕಾದುದು ಒಂದೆಕರೆ.

ಈ ನಾಲ್ಕು ತಾಲ್ಲೂಕುಗಳ ಪ್ರಥಮ ದರ್ಜೆ ಕಾಲೇಜುಗಳ ಪ್ರಾಂಶುಪಾಲರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಒಂದು ವಿಜ್ಞಾಪನೆ ಇದೆ. ಬರುವ ಶೈಕ್ಷಣಿಕ ವರ್ಷದಲ್ಲಿ ಆಂತರಿಕ ಸಮಿತಿಯ ವಿದ್ಯಾರ್ಥಿ ಸದಸ್ಯರ ಆಯ್ಕೆಯನ್ನು ಚುನಾವಣೆಯಿಂದಲೇ ನಡೆಸಿರಿ. ಅಭ್ಯರ್ಥಿಯಾಗಿ ನಿಲ್ಲುವ ಹುಡುಗಿಯರಿಗೆ ಬೇಕಾದಷ್ಟು ಪ್ರಶ್ನೆಗಳನ್ನು ಹಾಕಿರಿ. ಹುಡುಗರಲ್ಲಿ ಯಾರಾದರೂ ನಿಂತರೆ ಎರಡನ್ನೇ ಕೇಳಿದರೆ ಸಾಕು: ಸೊಪ್ಪಿನ ಕಾಲದಲ್ಲಿ ನಿಮ್ಮ ಮನೆಯ ಕಡ್ಡಿಯನ್ನು ಯಾರು ಕಟ್ಟುತ್ತಾರೆ, ಮತ್ತು ನಿಮ್ಮ ಅಕ್ಕತಂಗಿಯರಿಂದ ಬಿಡುಗಡೆ ಪತ್ರಕ್ಕೆ ಸಹಿ ಕೇಳುವುದಿಲ್ಲವೆಂದು ಈ ತರಗತಿಯ ಮುಂದೆ ಬರೆದುಕೊಡುತ್ತೀರಾ? ಬರೆದುಕೊಟ್ಟವನಿಗೆ ಧಾರಾಳವಾಗಿ ಮತ ಹಾಕಿರಿ.